ಅವಸರ ಯಾರದು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಆಪ್ತಸಲಹೆ ನೀಡುವ ನನ್ನ ಬಳಿಗೆ ಈಚಿನ ವರ್ಷಗಳಲ್ಲಿ ಒಂದೇ ಅಚ್ಚಿನ ಪ್ರಕರಣ ಮತ್ತೆ ಮತ್ತೆ ಬರುತ್ತಿದೆ. ಗಂಡನಿಗೆ ಸಾಫ್ಟ್‌ವೇರ್ ಕೆಲಸ. ಹೆಂಡತಿ ಎಂಜಿನಿಯರಿಂಗನ್ನೋ ಎಂ.ಎಸ್‌ಸಿ.ಯನ್ನೋ ಓದಿ, ಮಕ್ಕಳಾದ ಮೇಲೆ ಕೆಲವು ವರ್ಷ ಮನೆಯಲ್ಲಿದ್ದವರು. ಕಂಪನಿಗಳು ಜನರನ್ನು ಗುಂಪುಗುಂಪಾಗಿ ಕೆಲಸದಿಂದ ತೆಗೆಯಲು ಶುರುಮಾಡಿದ ಮೇಲೆ ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಆಕೆ ನರ್ಸಿಂಗ್ ಓದಬೇಕು, ಅದೂ ವೇಗದ ಪದವಿ. ಬೇರೆ ವಿಷಯದಲ್ಲಿ ಈಗಾಗಲೇ ಪದವಿ ಪಡೆದವರಿಗಾಗಿ ಇರುವ ಆ್ಯಕ್ಸಿಲರೇಟೆಡ್ ಬಿ.ಎಸ್.ಎನ್. ಸಾಮಾನ್ಯವಾಗಿ 11ರಿಂದ 18 ತಿಂಗಳಲ್ಲಿ ಮುಗಿಯುತ್ತದೆ. ನರ್ಸ್‌ಗಳಿಗೆ ಬೇಡಿಕೆಯಿದೆ, ಸಂಬಳ ಕೆಟ್ಟದ್ದಲ್ಲ. ಕಾಗದದ ಮೇಲೆ ಎಲ್ಲ ಸರಿ. ಆದರೂ ನನ್ನೆದುರು ಬಂದು ಕೂರುವ ಹೊತ್ತಿಗೆ ಆ ಮನೆಯ ನೆಮ್ಮದಿ ಹೋಗಿರುತ್ತದೆ.

ಅಂಥ ಒಂದು ದಂಪತಿಯ ಸಂಗತಿಯನ್ನು ಅವರಿಬ್ಬರ ಒಪ್ಪಿಗೆಯ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವೀಣಾ, ರಘು ಎಂದಿಟ್ಟುಕೊಳ್ಳೋಣ.

ವೀಣಾ ನಲವತ್ತರ ಹತ್ತಿರದವರು, ಬಿ.ಇ. ಓದಿದವರು. ರಘು ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿದ್ದಾರೆ; ಗ್ರೀನ್ ಕಾರ್ಡಿನ ಉದ್ದ ಸರದಿಯಲ್ಲಿ ಹೆಸರಿದೆ, ಅದಕ್ಕಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ. ಹಾಗಾಗಿ ವೀಣಾ ಅವರಿಗೆ ಎಚ್-4 ಎಂಬ ಅವಲಂಬಿತರ ವೀಸಾದ ಜೊತೆಗೆ ಕೆಲಸದ ಪರವಾನಗಿಯೂ ಇದೆ. ಆಕೆ ಹೇಳಿಕೊಂಡ ತೊಂದರೆ ಕೇಳಲು ಚಿಕ್ಕದು. ಅರ್ಜಿಯ ಜೊತೆ ಕಳಿಸಬೇಕಾದ ‘ನಾನು ನರ್ಸ್ ಆಗಬಯಸುವುದೇಕೆ’ ಎಂಬ ಪ್ರಬಂಧ ಬರೆಯಲಾಗುತ್ತಿಲ್ಲ, ಬರೆಯಲು ಕೂತರೆ ಅಳು ಬರುತ್ತದೆ. ಆಗ ಆಕೆ ಕಮ್ಯುನಿಟಿ ಕಾಲೇಜಿನಲ್ಲಿ ಅನಾಟಮಿ-ಫಿಸಿಯಾಲಜಿಯ ಮೊದಲ ಭಾಗ, ಮೈಕ್ರೋಬಯಾಲಜಿ, ಸಂಖ್ಯಾಶಾಸ್ತ್ರ ಮೂರನ್ನೂ ಒಂದೇ ಅವಧಿಯಲ್ಲಿ ಓದುತ್ತಿದ್ದರು. ಟೀಸ್ ಪ್ರವೇಶ ಪರೀಕ್ಷೆಯ ದಿನವೂ ಗೊತ್ತಾಗಿತ್ತು: 209 ನಿಮಿಷ, 170 ಪ್ರಶ್ನೆ.

ಪ್ರಬಂಧದ ಕರಡುಗಳನ್ನು ತಂದಿದ್ದರು. ದೇಶದಲ್ಲಿ ನರ್ಸ್‌ಗಳ ಕೊರತೆ, ಸ್ಥಿರ ಉದ್ಯೋಗ, ಪಾಳಿಯ ಅನುಕೂಲ, ಎಲ್ಲವೂ ಇದ್ದವು. ವಾಕ್ಯಗಳಲ್ಲಿ ತಪ್ಪಿರಲಿಲ್ಲ. ಒಬ್ಬ ರೋಗಿಯೂ ಇರಲಿಲ್ಲ.

ಮೊದಲ ಕೆಲವು ಭೇಟಿಗಳಲ್ಲಿ ಪರೀಕ್ಷೆಯ ಭಯ, ವರ್ಷಗಳ ನಂತರ ಮತ್ತೆ ಪುಸ್ತಕ ಹಿಡಿಯುವ ಅಂಜಿಕೆ, ತನ್ನ ಅರ್ಧ ವಯಸ್ಸಿನ ಸಹಪಾಠಿಗಳ ನಡುವಿನ ಸಂಕೋಚ, ಇವುಗಳ ಬಗ್ಗೆ ಮಾತಾಡಿದೆವು. ಅಷ್ಟಿಷ್ಟು ಉಪಯೋಗವಾಯಿತು. ಪ್ರಬಂಧ ಮಾತ್ರ ಅಲ್ಲೇ ನಿಂತಿತ್ತು. ಮುಂದಿನ ಸಲ ಗಂಡನನ್ನೂ ಕರೆತನ್ನಿ ಎಂದೆ.

ರಘು ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು. ಕೂತ ಕೂಡಲೇ ಒಂದು ಪಟ್ಟಿ ತೆರೆದು ನನ್ನತ್ತ ತಿರುಗಿಸಿದರು. ತಿಂಗಳಿಗೊಂದು ಸಾಲು. ಯಾವಾಗ ಯಾವ ವಿಷಯ ಮುಗಿಯಬೇಕು, ಟೀಸ್ ಯಾವಾಗ, ಅರ್ಜಿ ಯಾವಾಗ, ತರಗತಿ ಶುರು, ಪದವಿ, ಎನ್‌ಕ್ಲೆಕ್ಸ್ ಪರವಾನಗಿ ಪರೀಕ್ಷೆ, ಮೊದಲ ಸಂಬಳ. ಒಂದೊಂದಕ್ಕೆ ಒಂದೊಂದು ಬಣ್ಣ. ಮೆಚ್ಚುವಂಥ ಕೆಲಸವೇ.

“ಇದರಲ್ಲಿ ಒಂದು ಸಾಲು ತಪ್ಪಿದರೆ?” ಎಂದು ಕೇಳಿದೆ.

“ತಪ್ಪುವ ಹಾಗಿಲ್ಲ ಮೇಡಂ,” ಎಂದರು ರಘು. “ಒಂದು ವಿಷಯ ತಪ್ಪಿದರೆ ಈ ವರ್ಷದ ಅರ್ಜಿ ಹೋಯಿತು. ನಮ್ಮ ಕಂಪನಿಯಲ್ಲಿ ಇನ್ನೊಂದು ಸುತ್ತು ತೆಗೆಯುತ್ತಾರೆ ಎಂಬ ಸುದ್ದಿ ಇದೆ. ಅಷ್ಟರೊಳಗೆ ಇವಳದು ಒಂದು ದಡ ಸೇರಿಬಿಡಬೇಕು. ಇವಳಿಗೆ ಸೀಟು ಸಿಕ್ಕಿತು ಅಂದರೆ ನನಗೆ ನಿದ್ದೆ ಬರುತ್ತದೆ.”

ನಾನು ವೀಣಾ ಅವರ ಕಡೆ ತಿರುಗಿದೆ. “ನಿಮಗೆ?”

“ನನಗೆ ಈಗಲೂ ನಿದ್ದೆ ಬರುತ್ತದೆ ಮೇಡಂ. ಎಬ್ಬಿಸುವವರು ಇವರು. ರಾತ್ರಿ ಎರಡು ಗಂಟೆಗೆ ಎಬ್ಬಿಸಿ, ಮೈಕ್ರೋಬಯಾಲಜಿ ಎಷ್ಟು ಅಧ್ಯಾಯ ಆಯಿತು ಎಂದು ಕೇಳುತ್ತಾರೆ.”

ರಘು ನಗಲು ನೋಡಿದರು, ಆಗಲಿಲ್ಲ. ನಾನು ಮುಂದಿನ ಪ್ರಶ್ನೆ ಕೇಳಿದ್ದು ಅವರನ್ನೇ. “ಮುಂದಿನ ತಿಂಗಳು ನಿಮ್ಮ ಕೆಲಸ ಹೋಯಿತು ಎಂದಿಟ್ಟುಕೊಳ್ಳಿ. ಈ ಪಟ್ಟಿ ಏನಾಗುತ್ತದೆ?”

ಉತ್ತರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಚ್-1ಬಿ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅವರ ಹೆಸರಿನಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಲು ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಹೆಂಡತಿಯ ಎಚ್-4 ನಿಂತಿರುವುದು ಗಂಡನ ಎಚ್-1ಬಿ ಮೇಲೆ. ಆಕೆಯ ಕೆಲಸದ ಪರವಾನಗಿ ನಿಂತಿರುವುದು ಆ ಎಚ್-4 ಮೇಲೆ. ಆಕೆ ಸ್ವಂತ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬಹುದು, ಆದರೆ ಅದಕ್ಕೆ ಹಣದ ಪುರಾವೆ ತೋರಿಸಬೇಕು, ಮತ್ತು ಓದುವಾಗ ಹೊರಗೆ ದುಡಿಯುವ ಅವಕಾಶ ತೀರಾ ಕಡಿಮೆ. ಓದು ಮುಗಿದ ಮೇಲೂ ಸಾಮಾನ್ಯ ವಾರ್ಡ್ ನರ್ಸ್ ಹುದ್ದೆಗೆ ಎಚ್-1ಬಿ ಸಿಗುವುದು ಕಷ್ಟ. ಗಂಡನ ಕೆಲಸಕ್ಕೆ ವಿಮೆ ಎಂದು ಅವರು ಕಟ್ಟುತ್ತಿದ್ದದ್ದು ಮಳೆ ಬಂದ ಗಳಿಗೆಯಲ್ಲೇ ಮುಚ್ಚಿಕೊಳ್ಳುವ ಕೊಡೆಯನ್ನು. ಇದು ರಘು ಅವರಿಗೆ ಗೊತ್ತಿರದ ಸಂಗತಿಯಲ್ಲ. ಅಷ್ಟು ಬಣ್ಣಗಳ ಪಟ್ಟಿಯಲ್ಲಿ ಅದಕ್ಕೆ ಮಾತ್ರ ಅವರು ಸಾಲು ಕೊಟ್ಟಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ವೀಣಾ ಮಾತಾಡಿದರು. “ನನಗೆ ಈ ಓದು ಇಷ್ಟವಾಗುತ್ತಿದೆ ಮೇಡಂ, ಸುಳ್ಳು ಹೇಳುವುದಿಲ್ಲ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ಓದುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ರೋಗಿಯ ಪಕ್ಕ ನಿಂತಾಗ ನನಗೆ ಏನಾಗುತ್ತದೋ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಇವರ ಪಟ್ಟಿಯಲ್ಲಿ ತಿಂಗಳೇ ಇಲ್ಲ.”

ಪ್ರಬಂಧ ಏಕೆ ಮುಂದೆ ಹೋಗುತ್ತಿಲ್ಲ ಎಂದು ನನಗೆ ಅರ್ಥವಾಯಿತು. ಆಕೆ ಪ್ರಾಮಾಣಿಕ ಹೆಂಗಸು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲು ಕೈ ಏಳುತ್ತಿರಲಿಲ್ಲ.

ಆ ದಿನ ನಾನು ಕೊಟ್ಟ ಸಲಹೆ ಹೀಗಿತ್ತು. ಈ ವರ್ಷ ಅರ್ಜಿ ಬೇಡ. ಮೈಕ್ರೋಬಯಾಲಜಿಯನ್ನು ಈ ಅವಧಿಗೆ ಕೈಬಿಡಿ, ಅನಾಟಮಿ-ಫಿಸಿಯಾಲಜಿಯನ್ನು ಚೆನ್ನಾಗಿ ಮುಗಿಸಿ. ನಂತರ ಸಿ.ಎನ್.ಎ. ತರಬೇತಿ ಪಡೆಯಿರಿ. ನರ್ಸ್‌ಗಳ ಕೈಕೆಳಗೆ ರೋಗಿಗಳಿಗೆ ಸ್ನಾನ ಮಾಡಿಸುವ, ಮಗ್ಗುಲು ಬದಲಿಸುವ, ಊಟ ಮಾಡಿಸುವ ಕೆಲಸ ಅದು. ಒಕ್ಕೂಟ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆಯ ತರಬೇತಿ. ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಎಚ್-4ರ ಕೆಲಸದ ಪರವಾನಗಿ ಇರುವವರೆಗೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ವಾರಾಂತ್ಯದ ಪಾಳಿ ಮಾಡಿ. ಆಮೇಲೆ ಪ್ರಬಂಧ ಬರೆಯಿರಿ, ಅಥವಾ ಬರೆಯಬೇಡಿ. ರಘು ಅವರಿಗೆ ಎರಡು ಮಾತು: ವೀಸಾದ ಪ್ರಶ್ನೆಯನ್ನು ವಲಸೆ ವಕೀಲರ ಹತ್ತಿರ ಒಯ್ಯಿರಿ, ರಾತ್ರಿಯ ಪ್ರಶ್ನೆಯನ್ನು ನನ್ನ ಹತ್ತಿರ ತನ್ನಿ, ಆದರೆ ಒಬ್ಬರೇ ಬನ್ನಿ.

ಈ ಪ್ರಕರಣವನ್ನು ಹೆಸರಿಲ್ಲದೆ ಚರ್ಚಿಸಿದಾಗ ನನ್ನ ಸಹೋದ್ಯೋಗಿಯೊಬ್ಬರಿಗೆ ಸಿಟ್ಟೇ ಬಂತು. ವರ್ಷಗಳ ನಂತರ ಮನೆಯಿಂದ ಹೊರಬರಲು ಹೊರಟ ಹೆಣ್ಣಿನ ಉತ್ಸಾಹಕ್ಕೆ ತಣ್ಣೀರೆರಚಿದಿರಿ, ಗಂಡನ ಆತಂಕಕ್ಕೆ ಹೆಂಡತಿಯ ಒಂದು ವರ್ಷವನ್ನು ದಂಡ ತೆತ್ತಿರಿ ಎಂದರು. ಈ ಮಾತಿಗೆ ನಾನು ಉತ್ತರ ಕೊಡಲೇಬೇಕು.

ವೇಗದ ಪದವಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿದವರು ಈ ಮಾತು ಆಡಲಾರರು. ಔಷಧಶಾಸ್ತ್ರ, ರೋಗಿಯ ತಪಾಸಣೆ, ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ, ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ, ಇವೆಲ್ಲ ಒಂದರ ಬೆನ್ನಿಗೊಂದು ಬರುತ್ತವೆ. ರಜೆ ಎಂಬುದು ಹೆಸರಿಗಷ್ಟೇ. ಆಸ್ಪತ್ರೆಯ ಪ್ರಾಯೋಗಿಕ ಪಾಳಿ ಎಷ್ಟೋ ಕಡೆ ಹನ್ನೆರಡು ಗಂಟೆಯದು, ಬೆಳಗ್ಗೆ ಏಳಕ್ಕೆ ಮುಂಚೆ ಅಲ್ಲಿರಬೇಕು. ಉತ್ತೀರ್ಣರಾಗಲು ನೂರಕ್ಕೆ ಎಪ್ಪತ್ತೈದೋ ಅದಕ್ಕಿಂತ ಹೆಚ್ಚೋ ಬೇಕು. ಔಷಧದ ಪ್ರಮಾಣ ಲೆಕ್ಕಹಾಕುವ ಪರೀಕ್ಷೆಯಲ್ಲಂತೂ ಒಂದೆರಡು ತಪ್ಪಿಗೆ ಮಾತ್ರ ಜಾಗ. ಒಂದು ವಿಷಯದಲ್ಲಿ ಸೋತರೆ ಮುಂದಿನ ತಂಡ ಬರುವವರೆಗೆ ಕಾಯಬೇಕು, ಕೆಲವು ಕಡೆ ಹೊರಗೇ ಹೋಗಬೇಕು. ಓದುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಅನೇಕ ಶಾಲೆಗಳು ಮೊದಲೇ ಹೇಳುತ್ತವೆ. ಪ್ರಶ್ನೆಗಳೂ ನಮ್ಮ ಕಡೆಯ ಉರುಹೊಡೆಯುವ ಪರೀಕ್ಷೆಯಂಥವಲ್ಲ: ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗುತ್ತೀರಿ ಎಂದು ಕೇಳುತ್ತಾರೆ, ನಾಲ್ಕೂ ಉತ್ತರ ಸರಿಯಂತೆಯೇ ಕಾಣುತ್ತವೆ. ಎಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕ ಪಡೆದವರು ಮೊದಲ ಪರೀಕ್ಷೆಯಲ್ಲೇ ಬಿದ್ದು ನನ್ನೆದುರು ಕೂತಿದ್ದಾರೆ.

ಈ ವೇಗವನ್ನು ಬೇಕೆಂದು ಬಂದವರು ತಾಳಿಕೊಳ್ಳುತ್ತಾರೆ. ಚೆನ್ನಾಗಿ ಮುಗಿಸಿದವರನ್ನು, ವೀಣಾಗಿಂತ ಹಿರಿಯರನ್ನೂ, ಕಂಡಿದ್ದೇನೆ. ಇನ್ನೊಬ್ಬರ ದಿಗಿಲನ್ನು ಹೊತ್ತು ಒಳಹೋದವರು ಮೊದಲ ಸೋಲಿಗೇ ಕುಸಿಯುತ್ತಾರೆ, ಏಕೆಂದರೆ ಆ ಸೋಲು ಅವರೊಬ್ಬರದಲ್ಲ, ಇಡೀ ಮನೆಯ ವೀಸಾ, ಸಾಲ, ಮರ್ಯಾದೆ ಎಲ್ಲದರದ್ದು. ಸಾಲದ ಮಾತು ಸುಮ್ಮನೆ ಎತ್ತಿದ್ದಲ್ಲ. ಈಗಾಗಲೇ ಪದವಿ ಇರುವವರಿಗೆ ಪೆಲ್ ಎಂಬ ಸರ್ಕಾರಿ ವಿದ್ಯಾರ್ಥಿ ಅನುದಾನ ಸಿಗುವುದಿಲ್ಲ. ಎಚ್-4ರಲ್ಲಿರುವವರಿಗೆ ಸರ್ಕಾರದ ವಿದ್ಯಾರ್ಥಿ ಸಾಲವೂ ಇಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಪೌರತ್ವವೋ ಗ್ರೀನ್ ಕಾರ್ಡೋ ಇರುವವರ ಜಾಮೀನು ಬೇಕು. ಅಂದರೆ ಹೋಗುವುದು ಮನೆಯ ಉಳಿತಾಯ. ಒಂದು ವರ್ಷ ತಡವಾದರೆ ಏನು ಕಳೆಯುತ್ತದೆ, ಅರ್ಧಕ್ಕೆ ನಿಂತರೆ ಏನು ಕಳೆಯುತ್ತದೆ ಎಂಬ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೂ ನನ್ನ ಸಹೋದ್ಯೋಗಿ ಒಪ್ಪಲಿಲ್ಲ. ಇರಲಿ.

ವೀಣಾ ಅನಾಟಮಿ-ಫಿಸಿಯಾಲಜಿಯನ್ನು ‘ಎ’ ಶ್ರೇಣಿಯಲ್ಲಿ ಮುಗಿಸಿದರು. ಈಗ ವಾರಾಂತ್ಯದಲ್ಲಿ ಸಿ.ಎನ್.ಎ. ಕೆಲಸ ಮಾಡುತ್ತಿದ್ದಾರೆ. ಮೈ ತೊಳೆಸುವುದು, ಮಲಮೂತ್ರ, ಇವು ಎದುರಾದಾಗ ಏನಾಗುತ್ತದೋ ಎಂದು ಹೆದರಿದ್ದರು. ಅದು ಮೊದಲ ವಾರದಲ್ಲೇ ಕಳೆಯಿತಂತೆ. ನಿಜವಾಗಿ ಕಷ್ಟವಾದದ್ದು ಸಂಜೆಯಾದೊಡನೆ ಗಲಿಬಿಲಿಗೊಂಡು ಕೂಗಾಡುವ ಮರೆವಿನ ರೋಗಿಗಳು. ಅವರನ್ನು ಹೇಗೆ ಸಮಾಧಾನ ಮಾಡುವುದು ಎಂದು ಅಲ್ಲಿನ ಹಳೆಯ ನರ್ಸ್ ಒಬ್ಬರಿಂದ ಕಲಿಯುತ್ತಿದ್ದಾರೆ. ಮುಂದಿನ ಸಲ ಅರ್ಜಿ ಹಾಕುತ್ತಾರೋ, ಎರಡು ವರ್ಷದ ಅಸೋಸಿಯೇಟ್ ಪದವಿಯ ದಾರಿ ಹಿಡಿಯುತ್ತಾರೋ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ರಘು ಅವರ ಕೆಲಸ ಉಳಿದಿದೆ. ಅವರು ನನ್ನ ಹತ್ತಿರ ಬರುತ್ತಾರೆ. ಅವರದು ಬೇರೆಯೇ ಪ್ರಕರಣ.

ಈ ದಾರಿಯನ್ನು ಯೋಚಿಸುತ್ತಿರುವವರಿಗೆ ಕೆಲವು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯ ಗಳಿಗೆಯ ಗಾಬರಿಯಲ್ಲಿ ಅರ್ಧ ಇವುಗಳಿಂದಲೇ ಹುಟ್ಟುವುದು. 11 ತಿಂಗಳು, 15 ತಿಂಗಳು ಎಂದು ಜಾಹೀರಾತಿನಲ್ಲಿ ಕಾಣುವ ಅವಧಿಯಲ್ಲಿ ಪೂರ್ವಭಾವಿ ವಿಷಯಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಅನಾಟಮಿ-ಫಿಸಿಯಾಲಜಿಯ ಎರಡು ಭಾಗಗಳನ್ನು ಒಂದಾದ ಮೇಲೊಂದು, ಪ್ರಯೋಗಾಲಯದ ಸಮೇತ ಓದಬೇಕು. ಅದಕ್ಕೇ ಎರಡು ಅವಧಿ ಹೋಗುತ್ತದೆ. ಭಾರತದಲ್ಲಿ ಹಿಂದೆಂದೋ ಓದಿದ ರಸಾಯನಶಾಸ್ತ್ರವನ್ನು ಎಷ್ಟೋ ಶಾಲೆಗಳು ಒಪ್ಪುವುದಿಲ್ಲ: ಐದೋ ಏಳೋ ಹತ್ತೋ ವರ್ಷಕ್ಕಿಂತ ಹಳೆಯ ವಿಜ್ಞಾನದ ಅಂಕಗಳು ಅವರಿಗೆ ಬೇಡ. ಅಂಕಪಟ್ಟಿಗಳ ವಿಷಯವಾರು ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆ ಬರಬೇಕಾಗಬಹುದು, ಆ ಕೆಲಸವನ್ನು ಮೊದಲು ಶುರುಮಾಡಿ. ಮೂರು ವರ್ಷದ ಬಿ.ಎಸ್‌ಸಿ., ಬಿ.ಕಾಂ. ಪದವಿಯನ್ನು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಎಂದು ಎಲ್ಲರೂ ಒಪ್ಪುವುದಿಲ್ಲ. ಹಣ ಕಟ್ಟುವ ಮುಂಚೆ ಆ ಶಾಲೆಗೆ ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಸಂಸ್ಥೆಯ ಮಾನ್ಯತೆ ಇದೆಯೇ, ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯೇ ಎಂದು ನೀವೇ ನೋಡಿ. ಶಾಲೆಯವರು ಫೋನಿನಲ್ಲಿ ಹೇಳಿದ್ದು ಸಾಲದು.

ಲಸಿಕೆಗಳನ್ನು ಎಲ್ಲರೂ ಮರೆಯುತ್ತಾರೆ. ಹೆಪಟೈಟಿಸ್-ಬಿ ಲಸಿಕೆಯ ಮೂರು ಸೂಜಿಗೆ ಆರು ತಿಂಗಳು ಬೇಕು, ನಂತರ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ. ಬಾಲ್ಯದಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡ ನಮ್ಮಂಥವರಿಗೆ ಕ್ಷಯದ ಚರ್ಮಪರೀಕ್ಷೆಯಲ್ಲಿ ಕಾಯಿಲೆ ಇಲ್ಲದೆಯೂ ಇದೆ ಎಂದು ಬರಬಹುದು. ರಕ್ತಪರೀಕ್ಷೆಯನ್ನೇ ಕೇಳಿ ಮಾಡಿಸಿ.

ಇನ್ನು, ಹೆಂಡತಿಗೆ ಯಾವ ಶಾಲೆ ಒಳ್ಳೆಯದು, ಯಾವುದು ಬೇಗ ಮುಗಿಯುತ್ತದೆ ಎಂದು ನನಗೆ ಪತ್ರ ಬರೆಯುವ ಗಂಡಂದಿರಲ್ಲಿ ಒಂದು ಕೋರಿಕೆ: ಮುಂದಿನ ಪತ್ರವನ್ನು ಆಕೆಯೇ ಬರೆಯಲಿ. ನಿಮ್ಮ ಪತ್ರಗಳಿಗೆ ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ.