ಸಕ್ಕರೆ ಕಾಯಿಲೆ ಇರುವವರಿಗೆ ವೈರಲ್ ಸೋಂಕು ತಗುಲಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಯಾಕೆ ಹೆಚ್ಚು?

ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದ್ದರೆ ರಕ್ತನಾಳದ ಒಳಪದರ ಸೋಂಕಿಗೆ ಮೊದಲೇ ಹಾಳಾಗಿರುತ್ತದೆ. ಆರೋಗ್ಯವಂತ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತಾ, ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಮಧುಮೇಹದಲ್ಲಿ ಆ ಕಾವಲು ಸಡಿಲ. ಪ್ಲೇಟ್‌ಲೆಟ್‌ಗಳು ಸಣ್ಣ ಪ್ರಚೋದನೆಗೂ ಗುಂಪುಗೂಡುತ್ತವೆ, ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜನ್ ಎಂಬ ಪ್ರೋಟೀನ್ ಏರಿರುತ್ತದೆ, ಪಿಎಐ-1 ಎಂಬ ಪ್ರೋಟೀನ್ ಹೆಚ್ಚಾಗಿ ಹೆಪ್ಪು ಕರಗುವುದೂ ನಿಧಾನವಾಗುತ್ತದೆ. ಇದರ ಮೇಲೆ ಫ್ಲೂ ಅಥವಾ ಕೋವಿಡ್-19 ಬಂದರೆ ಉರಿಯೂತ ಇವೆಲ್ಲವನ್ನೂ ಒಟ್ಟಿಗೆ ಕೆರಳಿಸುತ್ತದೆ. ಜ್ವರದಲ್ಲಿ ಸಕ್ಕರೆ ಏರಿದಾಗ ಮೂತ್ರ ಹೆಚ್ಚು ಹೋಗಿ ದೇಹದ ನೀರು ಇಳಿಯುತ್ತದೆ, ರಕ್ತ ಮಂದವಾಗುತ್ತದೆ. ಮಲಗಿಯೇ ಇದ್ದರೆ ಕಾಲಿನ ರಕ್ತಸಂಚಾರವೂ ನಿಧಾನ.

ಹಾಗೆಂದು ಎಲ್ಲರಿಗೂ ಹೆಪ್ಪುಗಟ್ಟುವುದಿಲ್ಲ. ಜ್ವರದ ದಿನಗಳಲ್ಲಿ ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಳ್ಳಿ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ದಯವಿಟ್ಟು ‘ರಕ್ತ ತೆಳುವಾಗಲಿ’ ಎಂದು ನೀವೇ ಆಸ್ಪಿರಿನ್ ಶುರುಮಾಡಬೇಡಿ. ಬಂದಿರುವುದು ಡೆಂಗಿ ಜ್ವರವಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕಾಗಿ ಮೊದಲಿನಿಂದ ತೆಗೆದುಕೊಳ್ಳುತ್ತಿರುವವರು ಮುಂದುವರಿಸಬೇಕೇ ಎಂದು ಜ್ವರ ಬಂದ ದಿನವೇ ವೈದ್ಯರನ್ನು ಕೇಳಬೇಕು.