ಮಧ್ಯಾಹ್ನ ತಾನಾಗಿ ಆಫ್ ಆಗುವ ಸ್ವಿಚ್

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮದೊಂದು ಲಾಡ್ಜ್ ಇದೆ. ಮೆಟ್ಟಿಲ ಕೆಳಗಿನ ಮರದ ಕಪಾಟಿನಲ್ಲಿ 24 ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳಿಸುವ ಪೆಟ್ಟಿಗೆ) ಇಟ್ಟಿದ್ದೇವೆ. ಕ್ಯಾಮೆರಾ, ವೈಫೈ ಎಲ್ಲ ಅದರಿಂದಲೇ. ಏಪ್ರಿಲ್‌ನಿಂದೀಚೆಗೆ ಮಧ್ಯಾಹ್ನ ತಾನಾಗಿ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಆಗುತ್ತದೆ. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಟೆಕ್ನಿಷಿಯನ್ ಮಾಡಿಕೊಟ್ಟಿದ್ದ ಸೆಟ್ಟಿಂಗ್ ಕೂಡ ಮಾಯ. ಹೊಸ ಸ್ವಿಚ್ ತರಬೇಕೆ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಮೊದಲು ಕಪಾಟಿನ ಬಾಗಿಲು ಕಳಚಿಡಿ.

ಈ ದರ್ಜೆಯ ಹೆಚ್ಚಿನ ಸ್ವಿಚ್‌ಗಳ ಒಳಗೆ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಕಾವು ಏರಿದಂತೆ ಫ್ಯಾನ್ ಜೋರಾಗಿ ತಿರುಗುತ್ತದೆ, ಇನ್ನೂ ಏರಿದರೆ ಲಾಗ್‌ನಲ್ಲಿ (ಸ್ವಿಚ್ ತನ್ನ ಆಗುಹೋಗು ಬರೆದಿಡುವ ದಾಖಲೆ) ಎಚ್ಚರಿಕೆ ಬೀಳುತ್ತದೆ, ಚಿಪ್ ಸುಡುವ ಹಂತ ಹತ್ತಿರವಾದರೆ ಸ್ವಿಚ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದ 40 ಅಥವಾ 45 ಡಿಗ್ರಿ ಮಿತಿ ಅದರ ಸುತ್ತಲಿನ ಗಾಳಿಗೆ ಅನ್ವಯ. ಹೊರಗೆ 34 ಡಿಗ್ರಿ ಇದ್ದರೂ ಮುಚ್ಚಿದ ಕಪಾಟಿನೊಳಗೆ ಆ ಮಿತಿ ದಾಟುವುದು ಕಷ್ಟವೇನಲ್ಲ. ನಿಮ್ಮದು ಪಿಒಇ ಬೇರೆ: ಒಂದೊಂದು ಪೋರ್ಟ್ 15.4 ವ್ಯಾಟ್, ಅದರ ಹೆಚ್ಚು ಶಕ್ತಿಯ ರೂಪ ಪಿಒಇ ಪ್ಲಸ್ ಆದರೆ 30 ವ್ಯಾಟ್‌ವರೆಗೆ ಕೊಡಬಲ್ಲದು. ಕ್ಯಾಮೆರಾಗಳಿಗೆ ಹೋಗುವ ವಿದ್ಯುತ್ತೆಲ್ಲ ಆ ಪುಟ್ಟ ಪವರ್ ಸಪ್ಲೈ ಹಾದೇ ಹೋಗಬೇಕು.

ನಮ್ಮ ಕಡಲ ಬದಿಯಲ್ಲಿ ಉಪ್ಪುಗಾಳಿಯ ಕಾಟವೂ ಇದೆ. ಬೈತಖೋಲದ ಒಂದು ಕಚೇರಿಯಲ್ಲಿ ಸ್ವಿಚ್ ಬಿಚ್ಚಿದಾಗ ಧೂಳು ತೇವ ಹೀರಿ ಫ್ಯಾನಿನ ಎಲೆಗಳ ಮೇಲೆ ಕಂಬಳಿಯಂತೆ ಕೂತಿತ್ತು. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಪೋರ್ಟಿನ ಪಿನ್ನುಗಳಿಗೆ ಹಸಿರು ಕಿಲುಬು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ಲಗ್ ತೆಗೆದು ಗಾಳಿಕಿಂಡಿಗಳ ಧೂಳು ತೆಗೆಸಿ.

ಇನ್ನು ಸೆಟ್ಟಿಂಗ್ ವಿಷಯ. ಚಾಲೂ ಇರುವಾಗಿನ ಸೆಟ್ಟಿಂಗ್ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದೊಡನೆ ಅಳಿಯುತ್ತದೆ. ಫ್ಲ್ಯಾಶ್ ಎಂಬ ಕಾಯಂ ನೆನಪಿಗೆ ಸೇವ್ ಮಾಡಿದ್ದು ಮಾತ್ರ ಉಳಿಯುತ್ತದೆ. ಎಷ್ಟೋ ಸ್ವಿಚ್‌ಗಳಲ್ಲಿ 'ಅಪ್ಲೈ' ಬೇರೆ, 'ಸೇವ್' ಬೇರೆ; ನಿಮ್ಮ ಟೆಕ್ನಿಷಿಯನ್ ಎರಡನೆಯದನ್ನು ಮರೆತಿರಬೇಕು. ಮತ್ತೆ ಕರೆಸಿದಾಗ ಎದುರಿಗೇ ಸೇವ್ ಮಾಡಿಸಿ, ಒಮ್ಮೆ ಪ್ಲಗ್ ತೆಗೆದು ಹಾಕಿ ನೋಡಿಯೇ ಕಳಿಸಿ. ಬ್ಯಾಕಪ್ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಇಸಿದುಕೊಳ್ಳಿ.

ಕರೆಂಟ್ ಬಂದ ಮೇಲೆ ಸ್ವಿಚ್ ಪೂರ್ತಿ ಎದ್ದೇಳಲು ಕೆಲವು ನಿಮಿಷ ಬೇಕು. ಲೂಪ್ (ಡೇಟಾ ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರುವುದು) ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ವಿಧಾನ ಚಾಲೂ ಇದ್ದರೆ ಪ್ರತಿ ಪೋರ್ಟೂ ಇನ್ನೊಂದು 30 ಸೆಕೆಂಡು ಕಾಯುತ್ತದೆ. ನೆಟ್ ಬರಲಿಲ್ಲವೆಂದು ದಯವಿಟ್ಟು ನಡುವೆ ಆಫ್ ಮಾಡಬೇಡಿ. ಜೂನ್-ಜುಲೈನಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುವ ಊರಿಗೆ ಯುಪಿಎಸ್ ಬೇಕೇ ಬೇಕು. ಕೊಳ್ಳುವಾಗ ಕ್ಯಾಮೆರಾಗಳ ವ್ಯಾಟ್ ಕೂಡ ಲೆಕ್ಕಕ್ಕೆ ಹಿಡಿಯಿರಿ. 8 ವ್ಯಾಟಿನ 10 ಕ್ಯಾಮೆರಾ ಎಂದರೆ 80, ಅದರ ಮೇಲೆ ಸ್ವಿಚ್‌ನದು. ಯುಪಿಎಸ್ಸನ್ನು ಮಾತ್ರ ಆ ಕಪಾಟಿಗೆ ತುರುಕಬೇಡಿ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಬಾಗಿಲು ತೆಗೆದಿಟ್ಟು ವಾರವಾದರೂ ಮಧ್ಯಾಹ್ನ ಆಫ್ ಆಗುತ್ತಿದ್ದರೆ ಲಾಗ್ ತೆಗೆಸಿ ನೋಡಿ. ಫ್ಯಾನ್ ಕೈಕೊಟ್ಟಿದೆ ಎಂದಿದ್ದರೆ ಫ್ಯಾನ್ ಒಂದನ್ನೇ ಬದಲಿಸಿದರೆ ಸಾಕು.