ಮಗು ಕ್ಲಾಸಲ್ಲಿ ಪದೇ ಪದೇ ಎದ್ದು ಓಡಾಡುತ್ತೆ, ಇದನ್ನ ಹೇಗೆ ಅರ್ಥ ಮಾಡ್ಕೊಳ್ಳೋದು?

ಮೊದಲು 'ತುಂಟ', 'ಗಮನ ಇಲ್ಲ' ಅನ್ನೋ ಪದಗಳನ್ನ ಪಕ್ಕಕ್ಕಿಡಿ, ಅದು ನೀವು ಕಣ್ಣಲ್ಲಿ ನೋಡಿದ್ದಲ್ಲ, ನೀವು ಕೊಟ್ಟ ತೀರ್ಪು. ಕಂಡಿದ್ದನ್ನಷ್ಟೇ ಬರೀರಿ: "ಗಣಿತ ಪೀರಿಯಡ್, ಬೋರ್ಡ್ ನೋಡಿ ಲೆಕ್ಕ ಬರ್ಕೊಳ್ಳಿ ಅಂದೆ, 2 ನಿಮಿಷಕ್ಕೆ ಎದ್ದು ಪಕ್ಕದವಳ ನೋಟ್‌ಬುಕ್ ಇಣುಕಿ ನೋಡ್ದ, ನಾನು ಗದರಿದೆ, ಕೂತ್ಕೊಂಡ." ಮುಂಚೆ ಏನಾಯ್ತು, ಮಗು ಏನ್ ಮಾಡ್ತು, ಆಮೇಲೆ ಏನಾಯ್ತು, ಈ ಮೂರನ್ನ ಬರೆಯೋದಕ್ಕೇ ಎಬಿಸಿ ಚಾರ್ಟ್ ಅನ್ನೋದು.

ಒಂದೆರಡು ವಾರ ಬೇರೆ ಬೇರೆ ಪೀರಿಯಡ್‌ಗಳಲ್ಲಿ ಹೀಗೆ ಬರೆದ್ರೆ ಒಂದು ಪ್ಯಾಟರ್ನ್ ಕಾಣೋಕೆ ಶುರುವಾಗುತ್ತೆ. ಬಾಯಿಲೆಕ್ಕಕ್ಕೆ ಪಟಪಟ ಉತ್ತರ ಹೇಳೋನು ಬೋರ್ಡ್ ಬರವಣಿಗೆ ಬಂದಾಗ ಮಾತ್ರ ಏಳ್ತಾನೆ ಅಂದ್ರೆ ಮೊದಲು ಕಣ್ಣು ಟೆಸ್ಟ್ ಮಾಡ್ಸಿ, ನಂಗೆ ಕಾಣಲ್ಲ ಅಂತ ಮಕ್ಕಳಾಗೇ ಹೇಳೋದು ಕಮ್ಮಿ, ಯಾಕಂದ್ರೆ ಎಲ್ರಿಗೂ ಹಿಂಗೇ ಮಸುಕಾಗಿ ಕಾಣುತ್ತೆ ಅಂತಾನೇ ಅವು ಅನ್ಕೊಂಡಿರ್ತವೆ. ಗಟ್ಟಿಯಾಗಿ ಓದೋ ಸರದಿ ಬರೋ ಹೊತ್ತಿಗೇ ನೀರು ಕುಡಿಯೋಕೆ ಹೋಗ್ತಾನಾ? ಹಾಗಾದ್ರೆ ಓದೋದ್ರಿಂದ ತಪ್ಪಿಸ್ಕೊಳ್ತಿರಬಹುದು. ಎದ್ದಾಗ ಮಾತ್ರ ನೀವು ಅವನ ಹೆಸರು ಕರೀತೀರಾ ಅನ್ನೋದನ್ನೂ ನೋಡ್ಕೊಳ್ಳಿ (ಇದು ಸ್ವಲ್ಪ ಮುಜುಗರದ ಪ್ರಶ್ನೆನೇ), ಹಾಗಿದ್ರೆ ನಿಮ್ಮ ಗಮನ ಸೆಳೆಯೋಕೇ ಏಳ್ತಿರಬಹುದು.

ಎಡಿಎಚ್‌ಡಿ (ಗಮನ ನಿಲ್ಲದೇ ಇರೋ, ಅತಿಯಾಗಿ ಚಡಪಡಿಸೋ ಸಮಸ್ಯೆ) ಅಂತ ನೀವೇ ಹಣೆಪಟ್ಟಿ ಹಚ್ಬೇಡಿ. ಡಿಎಸ್ಎಂ-5 (ಮಾನಸಿಕ ಸಮಸ್ಯೆಗಳನ್ನ ಗುರುತಿಸೋಕೆ ಡಾಕ್ಟರ್ಗಳು ಬಳಸೋ ಕೈಪಿಡಿ) ಪ್ರಕಾರ ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಸ್ಕೂಲಲ್ಲಷ್ಟೇ ಅಲ್ಲ ಮನೆ ಥರ ಇನ್ನೊಂದು ಕಡೆನೂ ಕಾಣಬೇಕು, ಅದನ್ನ ನಿರ್ಧಾರ ಮಾಡೋದು ಡಾಕ್ಟರ್ ಅಥವಾ ಸೈಕಾಲಜಿಸ್ಟ್. ಅವರ ಹತ್ರ ಹೋಗುವಾಗ ನಿಮ್ಮ ಆ ನೋಟ್ಸ್ ಜೊತೆಗಿರಲಿ.